ತೊಂಬತ್ತೇಳನೇ ಬೂತು

ಬೂತು ಎಂದರೆ ಎಂತ, ನಮ್ಮ ಅಂಗನವಾಡಿಯೇ.
ಗೋಡೆಯಲ್ಲಿ ಆನೆ, ಅಳಿಲು, ಮಲಯಾಳದ ಅ, ಕನ್ನಡದ ಅ.
ಐದು ವರ್ಷಕ್ಕೊಮ್ಮೆ ಮಕ್ಕಳ ಚಾಪೆ ಸುತ್ತಿಟ್ಟು
ರಟ್ಟಿನ ಮರೆ ನಿಲ್ಲಿಸುತ್ತಾರೆ.
ಉಳಿದ ದಿನ ನಾನು ಗಂಜಿ ಬಡಿಸುವವಳು,
ಸಂಜೆ ಪಟ್ಟಿ ಹಿಡಿದು ಮನೆಮನೆ ಹತ್ತುವವಳು:
ಯಾರು ಬಂದರು, ಯಾರು ಹೋದರು,
ಯಾರು ದುಬೈಯಲ್ಲಿದ್ದೂ ಇಲ್ಲೇ ಇದ್ದಾರೆ.

ಮೊದಲು ಇದು ಬರಿಯ ಅಡ್ಕ.
ಮುಳಿಹುಲ್ಲು, ಮುರಕಲ್ಲು, ದನ ಮೇಯಿಸುವ ಹುಡುಗರು.
ಕಾಸರಗೋಡು ಪೇಟೆ ಆಗ ಮೂರು ಮೈಲು ಆಚೆಗಿತ್ತು,
ಈಗ ಅದೇ ಇಲ್ಲಿಗೆ ನಡೆದು ಬಂದಿದೆ.
ಕಲ್ಲು ಕಡಿದ ಹೊಂಡ ತುಂಬಿಸಿ ‘ಸೀ ವ್ಯೂ’ ಎಂಬ ಫ್ಲಾಟು;
ಐದನೇ ಮಾಳಿಗೆಯಿಂದ ಕಾಣುವುದು ಇನ್ನೊಂದು ಫ್ಲಾಟಿನ ನೀರಿನ ಟ್ಯಾಂಕಿ.

ಐವತ್ತಾರರ ನವೆಂಬರಿನಲ್ಲಿ ನಾವು ಎಲ್ಲಿಗೂ ಹೋಗಲಿಲ್ಲ,
ಒಂದು ರಾಜ್ಯ ಎದ್ದು ಹೋಗಿ ಇನ್ನೊಂದು ಬಂದು ಕೂತಿತು.
ವೋಟಿನ ಪಟ್ಟಿ ಬರೆಯಲು ಬಂದವನು ತೆಂಕಿನವನು, ಬೆವರಿದ್ದ.
ಗಂಡನ ಹೆಸರು ಕೇಳಿದ.
ಅಜ್ಜಿ ದೇಜಕ್ಕ ಗಂಡನ ಹೆಸರೆತ್ತುವ ಹೆಂಗಸಲ್ಲ,
ಅವಳದ್ದನ್ನು ಅವನು ಕೇಳಲಿಲ್ಲ.
ಹಾಗೆ ಆ ಸಲ ಅವಳು ಅಂಗಳದಲ್ಲೇ ಉಳಿದಳು.
ಅಜ್ಜ ಹೋಗಿ ಬಂದ. ಒಬ್ಬೊಬ್ಬನಿಗೆ ಒಂದೊಂದು ಕಬ್ಬಿಣದ ಪೆಟ್ಟಿಗೆಯಂತೆ,
ಮೇಲೆ ಚಿತ್ರ ಅಂಟಿಸಿದ್ದಾರಂತೆ.
ಯಾವುದಕ್ಕೆ ಹಾಕಿದ್ದೆಂದು ಸಾಯುವ ತನಕ ಬಾಯಿ ಬಿಡಲಿಲ್ಲ.

ನನಗೆ ಏಳಾಗಿದ್ದಾಗ ವಕೀಲ ಪುಂಡರೀಕ ಶಾನುಭೋಗರು ನಿಂತರು.
ಕನ್ನಡಕ್ಕಾಗಿ ಎಂದರು. ಚಿಹ್ನೆ, ದೋಣಿ.
ನಿಜವಾದ ದೋಣಿಯನ್ನೇ ಗಾಡಿಗೆ ಏರಿಸಿ ಅಡ್ಕದ ಮೇಲೆ ಎಳೆಸಿದರು,
ನೀರಿಲ್ಲದಲ್ಲಿ ತೇಲುವುದನ್ನು ನೋಡಲು ನಾವೆಲ್ಲ ಓಡಿದೆವು.
ಭಾಷಣ ಕನ್ನಡದಲ್ಲಿ, ಬೈಗಳು ತುಳುವಿನಲ್ಲಿ,
ಮೊಯ್ದೀನ್ ಕುಂಞಿಯ ಚಾದ ಬಾಕಿ ಮಲಯಾಳದಲ್ಲಿ.
ಸೋತರು. ನಮ್ಮ ಬೂತಿನಲ್ಲಿ ಬಿದ್ದದ್ದು ನೂರ ಹದಿನಾಲ್ಕು.
ಆದರೆ ಅಂದಿನಿಂದ ಇಂದಿನವರೆಗೆ
“ನಾನು ದೋಣಿಗೇ ಒತ್ತಿದವನು” ಎಂದು ನನ್ನೆದುರು ಎದೆ ತಟ್ಟಿದವರು
ಇನ್ನೂರ ಅರವತ್ತು ದಾಟಿದ್ದಾರೆ.
ಕೆಲವರು ಆಗ ಹುಟ್ಟಿರಲೇ ಇಲ್ಲ.

ಮತ್ತೊಮ್ಮೆ ಯಾವುದೋ ನಕಾಶೆಯಲ್ಲಿ ಯಾರದೋ ಪೆನ್ನು ಜಾರಿತು.
ರಸ್ತೆಯ ಎಡಕ್ಕೆ ಒಂದು ಕ್ಷೇತ್ರ, ಬಲಕ್ಕೆ ಇನ್ನೊಂದು.
ಬೀಫಾತಿಮರ ಮನೆ ಅತ್ತ, ಬಾವಿ ಇತ್ತ.
ಬಾವಿ ಬತ್ತಿದರೆ ಯಾವ ಎಮ್ಮೆಲ್ಲೆಗೆ ಹೇಳುವುದು ಎಂದು ಕೇಳಿದರು.
ನಾನು ಪಟ್ಟಿ ತಿರುವಿದೆ, ಸುಮ್ಮನೆ.

ಆಮೇಲೆ ಕಂಪ್ಯೂಟರು.
ಹೆಸರುಗಳು ಮಲಯಾಳಕ್ಕೆ ಹೋಗಿ, ಇಂಗ್ಲಿಷಿನಲ್ಲಿ ಒಂದು ರಾತ್ರಿ ತಂಗಿ,
ಕನ್ನಡಕ್ಕೆ ಮರಳಿದವು, ಯಾರದೋ ಅಂಗಿ ತೊಟ್ಟು ಬಂದವರ ಹಾಗೆ.
ಐತಪ್ಪ ಬೆಳ್ಚಪ್ಪಾಡ ಐಥಪ್ಪನಾದ. ಸೀತೆ ಸೀಥಾ.
ಕಲ್ಲಿನ ಕೋರೆಯಲ್ಲಿ ಬೆನ್ನು ಸವೆಸಿದ ತನಿಯಜ್ಜ
ಥಾನಿಯಾ, ಸ್ತ್ರೀ, ಎಪ್ಪತ್ತೆಂಟು.
ಮೂರು ಸಲ ತಿದ್ದಲು ಬರೆದೆ. ಮೂರು ಸಲವೂ ಹಾಗೇ ಬಂತು.
ಅಜ್ಜ ಹೆಂಗಸರ ಸಾಲಿನಲ್ಲೇ ಹೋಗಿ ನಿಂತರು,
ಅಲ್ಲಿ ನೆರಳಿತ್ತು.
“ಹೆಸರು ಎಂತದ್ದಾದರೂ ಆಗಲಿ ಟೀಚರೇ, ಮಸಿ ನನ್ನ ಬೆರಳಿಗೇ ಅಲ್ಲವಾ.
ಮೊದಲು ಧಣಿ ತೋರಿಸಿದ ಚಿತ್ರಕ್ಕೆ ಒತ್ತಿದ್ದು,
ಮತ್ತೆ ಯೂನಿಯನಿನವರು ತೋರಿಸಿದ್ದಕ್ಕೆ.
ಈಗ ಆ ಮರೆಯೊಳಗೆ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತೇನೆ.
ಯಾರೂ ಬೇಗ ಬೇಗ ಅನ್ನುವುದಿಲ್ಲ.”

ಕಳೆದ ಆಟಿಯಲ್ಲಿ ತೀರಿಕೊಂಡರು.
ಹೆಸರು ತೆಗೆಸುವ ಏಳನೇ ನಮೂನೆ ಹಿಡಿದು ಹೋದೆ.
ಮಗ ರತೀಶ ಪಟ್ಟಿಯನ್ನೇ ನೋಡಿದ, ತುಂಬ ಹೊತ್ತು.
“ಸತ್ತದ್ದು ನಮ್ಮಪ್ಪ, ತನಿಯ.
ಈ ಹೆಂಗಸು ಯಾರೆಂದು ನನಗೆ ಗೊತ್ತಿಲ್ಲ.
ಗೊತ್ತಿಲ್ಲದವರು ಸತ್ತರೆಂದು ಸಹಿ ಹಾಕುವುದು ಹೇಗೆ ಟೀಚರೇ?”

ಫಾರ್ಮು ಮಡಚಿ ಚೀಲಕ್ಕೆ ಹಾಕಿದೆ.
ಕ್ರಮಸಂಖ್ಯೆ ನಾನೂರ ಹನ್ನೆರಡು ಹಾಗೇ ಉಂಟು.
ಮೇಲಿನವರು ಕೇಳಿದರೆ ಆಗ ನೋಡುವ.
ಕತ್ತಲಾಯಿತು, ಹೋಗಬೇಕು,
ನಾಳೆಯ ಗಂಜಿಗೆ ಹೆಸರು ನೆನೆಹಾಕಲಿಕ್ಕುಂಟು.